ಹೆಬ್ಬೆಟ್ಟಿನ ಪಕ್ಕದಲ್ಲಿ ಯಾರ ಸಹಿ? ಒಪ್ಪಿಗೆಪತ್ರದ ಕುರಿತು ಟಿಪ್ಪಣಿ

ಚಿಂಚೋಳಿ ತಾಲ್ಲೂಕಿನ ತಾಂಡಾಗಳಲ್ಲಿ ರಕ್ತಹೀನತೆಯ ಅಧ್ಯಯನ ಮಾಡಬೇಕೆಂದು ಸಿದ್ಧಪಡಿಸಿದ್ದ ನನ್ನ ಸ್ನಾತಕೋತ್ತರ ಪ್ರಬಂಧದ ಕರಡು, ಒಂದೇ ವಾಕ್ಯದ ಕೆಳಗೆ ಕೆಂಪು ಗೆರೆ ಹೊತ್ತು, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಯಿಂದ ಹಿಂದಿರುಗಿತು. "ಓದು ಬರಹ ಬಾರದವರ ಪರವಾಗಿ ಮನೆಯವರು ಒಪ್ಪಿಗೆಪತ್ರಕ್ಕೆ ಸಹಿ ಮಾಡುತ್ತಾರೆ" ಎಂಬುದೇ ಆ ವಾಕ್ಯ. ಅದರಲ್ಲಿರುವ ತಪ್ಪು ನನಗೆ ಅರ್ಥವಾಗಲು ಎರಡು ದಿನ ಹಿಡಿದವು. ನನ್ನಂತೆಯೇ ಕಲಬುರಗಿಯಲ್ಲಿ ಓದುತ್ತಿರುವವರಿಗೆ ನೆರವಾಗಲೆಂದು ಇದನ್ನು ಬರೆದಿಡುತ್ತಿದ್ದೇನೆ.

ಮನುಷ್ಯರ ಮೇಲಿನ ಸಂಶೋಧನೆಗೆ ನೈತಿಕ ನಿಯಮ ಹಾಕಿಕೊಟ್ಟ ದಾಖಲೆಗಳ ಇತಿಹಾಸ ಈ ಕ್ಷೇತ್ರದವರಿಗೆಲ್ಲ ಗೊತ್ತಿರುವಂಥದ್ದೇ: 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ, 1979ರ ಬೆಲ್ಮಾಂಟ್ ವರದಿ. ಇವುಗಳ ನಡುವಿನ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ. ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶದ ಪ್ರಕಾರ ಪ್ರಯೋಗಕ್ಕೊಳಗಾಗುವ ವ್ಯಕ್ತಿಯೇ ಸ್ವಇಚ್ಛೆಯಿಂದ ಒಪ್ಪಬೇಕು ಮತ್ತು ಹಾಗೆ ಒಪ್ಪುವ ಕಾನೂನುಬದ್ಧ ಸಾಮರ್ಥ್ಯ ಆ ವ್ಯಕ್ತಿಗೆ ಇರಬೇಕು. ಅದನ್ನು ಅಕ್ಷರಶಃ ಪಾಲಿಸಿದರೆ ಮಕ್ಕಳ ಕಾಯಿಲೆಗಳ ಮೇಲೆ ಸಂಶೋಧನೆಯೇ ಸಾಧ್ಯವಿಲ್ಲ. ಆದ್ದರಿಂದ ಸಾಮರ್ಥ್ಯವಿಲ್ಲದವರ ಪರವಾಗಿ ಪೋಷಕರು ಒಪ್ಪಿಗೆ ನೀಡಬಹುದೆಂಬ ದಾರಿಯನ್ನು ಹೆಲ್ಸಿಂಕಿ ಘೋಷಣೆ ತೆರೆಯಿತು. ನಾನು ಎಡವಿದ್ದು ಈ "ಪರವಾಗಿ" ಎಂಬ ಪದದಲ್ಲಿಯೇ.

ಬೆಲ್ಮಾಂಟ್ ವರದಿಯ ಮೂರು ತತ್ತ್ವಗಳಲ್ಲಿ ಮೊದಲನೆಯದಾದ ವ್ಯಕ್ತಿಗೌರವಕ್ಕೆ ಎರಡು ಮುಖಗಳಿವೆ. ತಾವೇ ನಿರ್ಧರಿಸಬಲ್ಲವರ ನಿರ್ಧಾರವನ್ನು ಮನ್ನಿಸಬೇಕು; ನಿರ್ಧರಿಸುವ ಶಕ್ತಿ ಕುಂದಿದವರಿಗೆ ರಕ್ಷಣೆ ಒದಗಿಸಬೇಕು. ಐವತ್ತು ವರ್ಷ ಸಂಸಾರ ನಡೆಸಿದ, ತೊಗರಿಯ ದರವನ್ನು ಬಾಯಲ್ಲೇ ಲೆಕ್ಕ ಹಾಕುವ ಹೆಣ್ಣುಮಗಳನ್ನು, ಅಕ್ಷರ ಬಾರದು ಎಂಬ ಒಂದೇ ಕಾರಣಕ್ಕೆ, ನಾನು ಮೊದಲ ಗುಂಪಿನಿಂದ ಎತ್ತಿ ಎರಡನೆಯ ಗುಂಪಿನಲ್ಲಿ ಕೂರಿಸಿದ್ದೆ. ಅದು ಕಾಗದಪತ್ರದ ತಪ್ಪಷ್ಟೇ ಅಲ್ಲ, ಆಕೆಗೆ ಮಾಡಿದ ಅವಮಾನ ಎಂದು ಈಗ ನನಗೆ ಅನ್ನಿಸುತ್ತದೆ.

ಈಗ ನಾನು ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುತ್ತೇನೆ. ಇವರು ನಿರ್ಧರಿಸಬಲ್ಲರೇ? ಇವರು ಓದಬಲ್ಲರೇ? ಮೊದಲನೆಯದಕ್ಕೆ "ಇಲ್ಲ" ಎಂದಾದರೆ ಮಾತ್ರ ಕಾನೂನುಬದ್ಧ ಪ್ರತಿನಿಧಿ ಬರುತ್ತಾರೆ: ಹದಿನೆಂಟು ತುಂಬದ ಮಕ್ಕಳು, ಪ್ರಜ್ಞೆ ತಪ್ಪಿದವರು, ತೀವ್ರ ಮಾನಸಿಕ ಕಾಯಿಲೆಯಿಂದ ನಿರ್ಧಾರಶಕ್ತಿ ಕಳೆದುಕೊಂಡವರು. ಎರಡನೆಯದಕ್ಕೆ ಮಾತ್ರ "ಇಲ್ಲ" ಎಂದಾದರೆ ನಿಷ್ಪಕ್ಷ ಸಾಕ್ಷಿ ಬೇಕು. ಒಪ್ಪಿಗೆಯ ಹೆಬ್ಬೆಟ್ಟು ಆ ವ್ಯಕ್ತಿಯದೇ. ಪ್ರತಿನಿಧಿ ನಿರ್ಧರಿಸುತ್ತಾರೆ, ಸಾಕ್ಷಿ ನಿರ್ಧರಿಸುವುದಿಲ್ಲ. ಪತ್ರದಲ್ಲಿದ್ದುದನ್ನೇ ಓದಿ ಹೇಳಲಾಯಿತು, ಕೇಳಿದವರಿಗೆ ಅರ್ಥವಾದಂತೆ ಕಂಡಿತು, ಒತ್ತಾಯವಿಲ್ಲದೆ ಒಪ್ಪಿದರು ಎಂಬುದಕ್ಕಷ್ಟೇ ಸಾಕ್ಷಿಯ ಸಹಿ. ಎರಡೂ ಪ್ರಶ್ನೆಗಳಿಗೆ "ಇಲ್ಲ" ಬರುವ ಸಂದರ್ಭವೂ ಉಂಟು. ಮಗುವಿನ ಪರವಾಗಿ ತಾಯಿ ಒಪ್ಪಬೇಕು, ಆದರೆ ತಾಯಿಗೆ ಓದು ಬಾರದು. ಆಗ ತಾಯಿಯ ಹೆಬ್ಬೆಟ್ಟೂ ಬೇಕು, ಸಾಕ್ಷಿಯ ಸಹಿಯೂ ಬೇಕು.

ಸಾಕ್ಷಿ ಯಾರಾಗಬಹುದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಅವರು ಅಕ್ಷರಸ್ಥರಾಗಿರಬೇಕು, ಸಂಶೋಧನೆಗೆ ಹೊರಗಿನವರಾಗಿರಬೇಕು, ಸಂಶೋಧಕರ ಪ್ರಭಾವಕ್ಕೆ ಒಳಗಾಗದವರಾಗಿರಬೇಕು. ನನ್ನ ಕೈಕೆಳಗೆ ಮಾಹಿತಿ ಸಂಗ್ರಹಿಸುವ ನರ್ಸ್ ಆಗಲಾರರು. ನನ್ನ ಅಧ್ಯಯನಕ್ಕೆ ಜನರನ್ನು ಕರೆತಂದು ಅದಕ್ಕೆ ಹಣ ಪಡೆಯುವ ಆಶಾ ಕಾರ್ಯಕರ್ತೆಯೂ ಆಗಲಾರರು. ಇನ್ನೂ ಮುಖ್ಯವಾದುದು, ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಅಲ್ಲಿಯೇ ಇರಬೇಕು. ಸಂಜೆ ಕಾಗದಗಳ ಕಟ್ಟು ತಂದು ಸಹಿ ಹಾಕಿಸಿಕೊಂಡರೆ ಅದು ಸಾಕ್ಷ್ಯವಲ್ಲ. ಪತ್ರ ಕನ್ನಡದಲ್ಲಿದ್ದು ಮಾತು ಲಂಬಾಣಿಯಲ್ಲಿ ನಡೆಯುವ ತಾಂಡಾದಲ್ಲಿ ಸಾಕ್ಷಿಗೆ ಎರಡೂ ಭಾಷೆ ಬರಬೇಕು. ಇಲ್ಲದಿದ್ದರೆ ಓದಿದ್ದು ಸರಿಯೇ ಎಂದು ಅವರು ಹೇಳುವುದಾದರೂ ಹೇಗೆ?

ಇದೆಲ್ಲ ಅತಿಯಾಯಿತು ಎನ್ನುವವರು ನಮ್ಮ ನೆರೆಯ ತೆಲಂಗಾಣದ ಖಮ್ಮಂ ಜಿಲ್ಲೆಯನ್ನು ನೆನೆಯಬೇಕು. ಅಂದಿನ ಆಂಧ್ರಪ್ರದೇಶದ ಆ ಜಿಲ್ಲೆಯಲ್ಲಿ 2009ರಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ನೀಡುವ ಅಧ್ಯಯನ ಆರಂಭವಾಗಿ, 2010ರ ಏಪ್ರಿಲ್‌ನಲ್ಲಿ ನಿಂತಿತು. 2013ರ ಸಂಸದೀಯ ಸಮಿತಿಯ ವರದಿಯಲ್ಲಿರುವಂತೆ, ಪರಿಶೀಲಿಸಿದ 9,543 ಒಪ್ಪಿಗೆಪತ್ರಗಳಲ್ಲಿ 1,948 ಹೆಬ್ಬೆಟ್ಟಿನವು. 2,763 ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಮಾಡಿದ್ದರು. ಲಸಿಕೆ ಪಡೆದ ಕೆಲವು ಮಕ್ಕಳು ತೀರಿಕೊಂಡಿದ್ದರು; ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಹಾಗಿದ್ದರೂ ಒಪ್ಪಿಗೆಯ ಪ್ರಶ್ನೆ ಬೇರೆಯೇ ಆಗಿ ಉಳಿಯುತ್ತದೆ: ಊಟ, ವಸತಿ ನೋಡಿಕೊಳ್ಳುವ ವಾರ್ಡನ್ ಅಪ್ಪ ಅಮ್ಮನ ಸ್ಥಾನದಲ್ಲಿ ನಿಂತು ನಿರ್ಧರಿಸಲು ಯಾರು ಅಧಿಕಾರ ಕೊಟ್ಟರು? ಎರಡು ಪ್ರಶ್ನೆಗಳ ನನ್ನ ಸೂತ್ರವನ್ನು ಇಲ್ಲಿಗೆ ಅನ್ವಯಿಸಿ ನೋಡಿ. ಪ್ರತಿನಿಧಿಯ ಸ್ಥಾನದಲ್ಲಿ ತಪ್ಪು ವ್ಯಕ್ತಿ ನಿಂತಿರುವುದು ತಕ್ಷಣ ಕಾಣುತ್ತದೆ.

ಉಳಿದವು ಚಿಕ್ಕವು. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, ಅಲ್ಲಿಂದ ಹದಿನೆಂಟರವರೆಗೆ ಲಿಖಿತ ಸಮ್ಮತಿ. ಇದು ಪೋಷಕರ ಒಪ್ಪಿಗೆಯ ಜೊತೆಗೆ ಬೇಕಾದದ್ದು, ಅದರ ಬದಲಿಗೆ ಅಲ್ಲ. 2019ರ ಔಷಧ ಪ್ರಯೋಗ ನಿಯಮಗಳಂತೆ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಸದಸ್ಯರಿದ್ದು, ಅವರಲ್ಲಿ ಒಬ್ಬ ಸಾಮಾನ್ಯ ನಾಗರಿಕರು ಇರಲೇಬೇಕು.

ಕರಡು ತಿದ್ದಿದ ಮೇಲೆ ಪತ್ರವನ್ನು ಓದಿ ಹೇಳುವ ಅಭ್ಯಾಸಕ್ಕೆಂದು ವಾರ್ಡಿನಲ್ಲಿದ್ದ ಒಬ್ಬ ಅಜ್ಜಿಯ ಬಳಿ ಕುಳಿತೆ. ಎರಡನೆಯ ಸಾಲಿಗೇ ಅವರು, "ನೀವು ಹ್ಯಾಂಗ ಹೇಳ್ತೀರಿ ಹಂಗ ರೀ ಬಾಯಾರ, ಹೆಬ್ಬೆಟ್ಟು ಎಲ್ಲಿ ಒತ್ತಲಿ?" ಎಂದರು. ನಾನು ಶಾಯಿಯ ಡಬ್ಬಿಯನ್ನು ಮುಚ್ಚಿಟ್ಟು ಮೊದಲ ಸಾಲಿನಿಂದ ಮತ್ತೆ ಓದತೊಡಗಿದೆ.