ತರಬೇತಿ ಮೂವತ್ತು ದಿನದ್ದು, ಕೆಲಸ ಎರಡು ವರ್ಷದ್ದು

"ಸರ್, ಕೋರ್ಸ್ ಮುಗಿದ ದಿನವೇ ಸರ್ಟಿಫಿಕೇಟ್ ಕೊಡ್ತೀರಾ?" ಸ್ವ ಉದ್ಯೋಗ ತರಬೇತಿಗೆ ಹೆಸರು ಕೊಡಲು ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ತೋರಿಸಲು, ಬ್ಯಾಂಕಿಗೆ ಕೊಡಲು ಒಂದು ಕಾಗದ ಬೇಕೇ ಬೇಕು. ಆದರೆ ತರಬೇತುದಾರನಾಗಿ ಬ್ಯಾಚಿನ ಮೇಲೆ ಬ್ಯಾಚು ಕಳಿಸಿಕೊಟ್ಟ ನನ್ನ ಅನುಭವ ಬೇರೆ ಹೇಳುತ್ತದೆ. ಒಬ್ಬರು ಕಲಿತ ಕೆಲಸದಲ್ಲಿ ನೆಲೆ ನಿಲ್ಲುತ್ತಾರೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಕ್ಲಾಸಿನ ಹೊರಗೆ: ಸೇರಿಸಿಕೊಳ್ಳುವ ಮೊದಲು ನಡೆಯುವ ಮಾತುಕತೆಯಲ್ಲಿ, ಮತ್ತು ಮನೆಗೆ ಹೋದ ಮೇಲಿನ ಎರಡು ವರ್ಷಗಳಲ್ಲಿ.

ನಮ್ಮ ನಾಡಿನಲ್ಲಿ ಇದನ್ನು ಬೇಗನೆ ಗುರುತಿಸಿದವರಿದ್ದಾರೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಉಜಿರೆಯಲ್ಲಿ ಹಳ್ಳಿಯ ಯುವಜನರಿಗೆ ಸ್ವ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಕಲಿಕೆ ಚಿಕ್ಕದು, ಆಮೇಲಿನ ಬೆನ್ನುಹತ್ತುವಿಕೆ ದೊಡ್ಡದು. ಬ್ಯಾಂಕುಗಳನ್ನು ಮೊದಲ ದಿನದಿಂದಲೇ ಒಳಗೆ ಕೂರಿಸಿಕೊಂಡದ್ದು ಅದರ ಜಾಣತನ. ಈ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಎತ್ತಿಕೊಂಡು, 2009ರಿಂದ ಜಿಲ್ಲೆಗೊಂದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ ಇರಬೇಕೆಂದು ದೇಶಕ್ಕೆಲ್ಲ ಹಬ್ಬಿಸಿತು. ಆಯಾ ಜಿಲ್ಲೆಯಲ್ಲಿ ಒಂದು ಬ್ಯಾಂಕ್ ಅದನ್ನು ನಡೆಸುತ್ತದೆ. ಹೈನುಗಾರಿಕೆಗೆ ಹತ್ತು ದಿನ, ಹೊಲಿಗೆ, ಮೊಬೈಲ್ ರಿಪೇರಿ, ಮನೆ ವೈರಿಂಗಿಗೆ ತಿಂಗಳು. ತರಬೇತಿ ಪಡೆದವರನ್ನು ಎರಡು ವರ್ಷ ಹಿಂಬಾಲಿಸಬೇಕು ಎಂಬುದು ಇಲ್ಲಿಯ ನಿಯಮ. ನಾವು 'ಫಾಲೋಅಪ್' ಎನ್ನುವುದು ಇದನ್ನೇ.

ಮೊದಲು ಆಯ್ಕೆಯ ಮಾತು. ನಮ್ಮ ಸಂದರ್ಶನದಲ್ಲಿ ಮಾರ್ಕ್ಸ್ ಕಾರ್ಡಿಗೆ ಹೆಚ್ಚು ಬೆಲೆಯಿಲ್ಲ. ಈ ಕೆಲಸವೇ ಏಕೆ? ಅಂಗಡಿ ಎಲ್ಲಿ ಹಾಕುತ್ತೀರಿ? ನಿಮ್ಮೂರಲ್ಲಿ ಈಗಾಗಲೇ ಯಾರು ಮಾಡುತ್ತಿದ್ದಾರೆ? ಮನೆಯಲ್ಲಿ ಯಾರಿಗೆ ಹೇಳಿ ಬಂದಿದ್ದೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಬಹಳ ಗಮನವಿಟ್ಟು ಕೇಳುತ್ತೇನೆ. ಒಂದು ತಿಂಗಳು ಹಾಸ್ಟೆಲಿನಲ್ಲಿ ಉಳಿಯಬೇಕಾದ ಹೆಣ್ಣುಮಗಳಿಗೆ ಅತ್ತೆಯ ಒಪ್ಪಿಗೆ ಇಲ್ಲದಿದ್ದರೆ ಎರಡನೇ ವಾರ ಮಗುವಿಗೆ ಜ್ವರ ಬಂತೆಂದು ಫೋನ್ ಬರುತ್ತದೆ, ಆಕೆ ಬ್ಯಾಗು ಹಿಡಿದು ಹೊರಡುತ್ತಾಳೆ. ಅದಕ್ಕೇ ಸಾಧ್ಯವಾದಾಗಲೆಲ್ಲ, "ನಾಳೆ ಮನೆಯವರನ್ನೂ ಒಮ್ಮೆ ಕರ್ಕೊಂಡು ಬನ್ನಿ ಅಮ್ಮ" ಎಂದು ಹೇಳುತ್ತೇವೆ. ಅತ್ತೆ ಬಂದು ಹಾಸ್ಟೆಲ್ ನೋಡಿ, ಅಡುಗೆಯವರೊಡನೆ ನಾಲ್ಕು ಮಾತಾಡಿ ಹೋದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ತೊಡಕು ಎಲ್ಲರೂ ಒಂದೇ ಕೆಲಸದ ಹಿಂದೆ ಬೀಳುವುದು. ಹೊಲಿಗೆ ಮತ್ತು ಬ್ಯೂಟಿ ಪಾರ್ಲರ್ ಎಂದರೆ ಅರ್ಜಿ ರಾಶಿ ಬೀಳುತ್ತವೆ. ಅವು ಕೆಟ್ಟ ಕೆಲಸಗಳಲ್ಲ. ಆದರೆ ಒಂದೇ ಗ್ರಾಮ ಪಂಚಾಯಿತಿಯಿಂದ ಆರು ಜನರಿಗೆ ಹೊಲಿಗೆ ಕಲಿಸಿ ಕಳಿಸಿದರೆ ನಾವು ಆರು ಪ್ರತಿಸ್ಪರ್ಧಿಗಳನ್ನು ಹುಟ್ಟಿಸಿದ್ದೇವೆಯೇ ಹೊರತು ಆರು ಉದ್ಯೋಗಗಳನ್ನಲ್ಲ. ಮನೆಯಲ್ಲಿ ಎರಡು ಹಸು ಇದ್ದು, ಡೇರಿಗೆ ಹಾಲು ಹಾಕುತ್ತಲೇ ಇರುವ ಅಕ್ಕನೊಬ್ಬರು ಹೊಲಿಗೆಗೆ ಅರ್ಜಿ ಹಾಕಿದರೆ ಅವರೊಡನೆ ಕೂತು ಲೆಕ್ಕ ಮಾಡುವುದು ನಮ್ಮ ಹೊಣೆ. ಮೇವಿನ ಬೆಳೆ, ಕರು ಸಾಕಣೆ, ಕೆಚ್ಚಲು ಬಾವು ತಡೆಯುವ ಕ್ರಮ ಗೊತ್ತಾದರೆ ಇರುವ ಹಸುಗಳಿಂದಲೇ ಎಷ್ಟು ಹೆಚ್ಚಿಗೆ ಬರಬಹುದು ಎಂದು ತೋರಿಸಿ, ಆಮೇಲೆ ನಿರ್ಧಾರ ಅವರಿಗೇ ಬಿಡಬೇಕು. ಬ್ಯಾಚ್ ತುಂಬಬೇಕು ಎಂಬ ಒತ್ತಡ ನಮ್ಮ ಮೇಲೆ ಸದಾ ಇರುತ್ತದೆ. ಆ ಒತ್ತಡಕ್ಕೆ ಮಣಿದು ಸೇರಿಸಿಕೊಂಡವರು ಮುಂದೆ ಫಾಲೋಅಪ್ ಪಟ್ಟಿಯಲ್ಲಿ 'ಕೆಲಸ ಆರಂಭಿಸಿಲ್ಲ' ಎಂಬ ಕಾಲಮ್ಮಿಗೆ ಹೋಗಿ ಕೂರುತ್ತಾರೆ.

ಶಿಬಿರದ ಮೊದಲ ದಿನಗಳಲ್ಲಿ ಕತ್ತರಿಯನ್ನಾಗಲಿ ಸ್ಪ್ಯಾನರನ್ನಾಗಲಿ ಕೈಗೆ ಕೊಡುವುದಿಲ್ಲ. ಆಟ ಆಡಿಸುತ್ತೇವೆ. ಹೊರಗಿನಿಂದ ನೋಡಿದವರಿಗೆ ಹೊತ್ತು ಕಳೆಯುವಂತೆ ಕಾಣಬಹುದು, ಆದರೆ ಇದಕ್ಕೊಂದು ಹಿನ್ನೆಲೆಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಸಾಧಿಸುವ ಛಲವನ್ನು ಕಲಿಸಿ ಬೆಳೆಸಬಹುದೇ ಎಂದು ಪರೀಕ್ಷಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿ ವ್ಯಾಪಾರ ವಿಸ್ತರಿಸಿದ್ದು ಕಂಡುಬಂತು. ಅಲ್ಲಿಂದ ಬೆಳೆದ ಸಾಧನಾ ಪ್ರೇರಣೆಯ ತರಬೇತಿ ಇಂದಿಗೂ ನಮ್ಮ ಶಿಬಿರಗಳ ಬೆನ್ನೆಲುಬು.

ಬ್ಲಾಕ್ ಜೋಡಿಸುವ ಆಟವನ್ನೇ ನೋಡಿ. ಶಿಬಿರಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ, ಮರದ ಬ್ಲಾಕುಗಳನ್ನು ಒಂದರ ಮೇಲೊಂದು ಇಡಲು ಹೇಳುತ್ತೇವೆ. ಪಕ್ಕದಲ್ಲಿ ಇಬ್ಬರು ಮಾತಿನಲ್ಲೇ ದಾರಿ ತೋರಿಸುತ್ತಾರೆ. ಶುರು ಮಾಡುವ ಮೊದಲು, ಎಷ್ಟು ಬ್ಲಾಕ್ ಏರಿಸುತ್ತೀರಿ ಎಂದು ಅವರೇ ಹೇಳಬೇಕು. ಕೆಲವರು ನಾಲ್ಕು ಎನ್ನುತ್ತಾರೆ, ಬೀಳಬಾರದಲ್ಲ ಎಂಬ ಭಯ. ಕೆಲವರು ಇಪ್ಪತ್ತೈದು ಎಂದು ಕೂಗುತ್ತಾರೆ, ಎಲ್ಲರೂ ನೋಡುತ್ತಿದ್ದಾರಲ್ಲ. ನಾನು ಕಾಯುವುದು ಎರಡನೇ ಸುತ್ತಿಗೆ. ಮೊದಲ ಸಲ ಹನ್ನೊಂದಕ್ಕೆ ಬಿದ್ದದ್ದನ್ನು ನೆನಪಿಟ್ಟುಕೊಂಡು ಹದಿಮೂರು ಎನ್ನುವವರು ಯಾರು? ಪಕ್ಕದವರ ಮಾತು ಕೇಳಿದ್ದರಿಂದ ಬಿತ್ತೋ ಕೇಳದ್ದರಿಂದ ಬಿತ್ತೋ ಎಂದು ಯೋಚಿಸುವವರು ಯಾರು? ಆಟ ಮುಗಿದ ಮೇಲೆ ಇದನ್ನೆಲ್ಲ ಬಿಡಿಸಿ ಮಾತಾಡುತ್ತೇವೆ. ಗಂಡ ಹೇಳಿದ್ದಕ್ಕೆ ಮಾತ್ರ ತಲೆಯಾಡಿಸಿ ಅಭ್ಯಾಸವಿದ್ದ ಹೆಂಗಸು ತನ್ನ ಗುರಿಯನ್ನು ತಾನೇ ಬಾಯಿಬಿಟ್ಟು ಹೇಳುವುದು ಅನೇಕ ಸಲ ಅಲ್ಲಿಯೇ ಮೊದಲು. ಅದನ್ನು ನೋಡುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಸುಬಿನ ಪಾಠವನ್ನು ಇಲ್ಲಿ ವಿವರಿಸುವುದಿಲ್ಲ, ಅದನ್ನು ಚೆನ್ನಾಗಿ ಕಲಿಸುವವರು ಎಲ್ಲೆಡೆ ಇದ್ದಾರೆ. ಕಲಿಸದೆ ಬಿಡುವುದು ಲೆಕ್ಕವನ್ನು. ಒಂದು ಲೈನಿಂಗ್ ಬ್ಲೌಸ್ ಹೊಲಿಗೆಗೆ 350 ರೂಪಾಯಿ ಎಂದಿಟ್ಟುಕೊಳ್ಳಿ. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಕರೆಂಟು, ಮೆಷಿನ್ ಸವೆತ ಸೇರಿ 100 ರೂಪಾಯಿ ಹೋಯಿತು. ಉಳಿದದ್ದು 250. ಕಟಿಂಗಿನಿಂದ ಹೆಮ್ಮಿಂಗ್‌ವರೆಗೆ ಎರಡೂವರೆ ಗಂಟೆ ಹಿಡಿದರೆ ಗಂಟೆಗೆ 100 ರೂಪಾಯಿ ಕೂಲಿ. ಈಗ ಪಕ್ಕದ ಬೀದಿಯವರು 200ಕ್ಕೆ ಹೊಲಿಯುತ್ತಾರೆಂದು ಈಕೆಯೂ 200ಕ್ಕೆ ಇಳಿದರೆ ಖರ್ಚು ಅಷ್ಟೇ ಇರುತ್ತದೆ, ಕೂಲಿ ಗಂಟೆಗೆ 40ಕ್ಕೆ ಬೀಳುತ್ತದೆ. "ಮನೇಲೇ ಕೂತು ಮಾಡೋದಲ್ವಾ ಸರ್, ನನ್ನ ಟೈಮಿಗೇನು ದುಡ್ಡು" ಎನ್ನುವ ಮಾತು ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಆ ಮಾತು ಬದಲಾಗುವವರೆಗೆ ಕರಿಹಲಗೆಯ ಮೇಲಿನ ಈ ಲೆಕ್ಕವನ್ನು ಅಳಿಸಬಾರದು. ದರ ಇಳಿಸುವ ಬದಲು ಹೇಳಿದ ದಿನಕ್ಕೆ ಕೊಡುವುದು, ಅಳತೆ ಪುಸ್ತಕ ಇಡುವುದು, ಫಾಲ್ಸ್, ಕುಚ್ಚು ಹಾಕುವ ಕೆಲಸವನ್ನೂ ಸೇರಿಸಿಕೊಳ್ಳುವುದು ಗಿರಾಕಿಯನ್ನು ಹಿಡಿದಿಡುತ್ತವೆ.

ಇನ್ನು ಸಾಲ. ಮುದ್ರಾ ಯೋಜನೆ 2015ರಲ್ಲಿ ಬಂದ ಮೇಲೆ 50,000 ರೂಪಾಯಿವರೆಗಿನ 'ಶಿಶು' ಸಾಲಕ್ಕೆ ಅಡಮಾನ ಬೇಕಿಲ್ಲ. ಆದರೂ ಅರ್ಜಿಗಳು ಮರಳಿ ಬರುತ್ತವೆ. ಕಾರಣ ಅನೇಕ ಸಲ ಸಿಬಿಲ್, ಅಂದರೆ ಯಾರು ಎಷ್ಟು ಸಾಲ ತೆಗೆದು ಹೇಗೆ ತೀರಿಸಿದರು ಎಂಬ ದಾಖಲೆ. ಸಂಘದ ಸಾಲ, ಮೈಕ್ರೋ ಫೈನಾನ್ಸ್ ಕಂತು, ಯಾರದೋ ಮೊಬೈಲಿಗೆ ಇವರ ಹೆಸರಲ್ಲಿ ತೆಗೆದ ಇಎಂಐ, ಎಲ್ಲವೂ ಅಲ್ಲಿ ದಾಖಲಾಗಿರುತ್ತವೆ. ಶಿಬಿರದ ಮೊದಲ ವಾರದಲ್ಲೇ ಅದನ್ನು ತೆಗೆಸಿ ನೋಡಿದರೆ ಬಾಕಿ ತೀರಿಸಲು ಸಮಯ ಸಿಗುತ್ತದೆ. ಕೊನೆಯ ದಿನ ನೋಡಿದರೆ ಕಣ್ಣೀರು ಮಾತ್ರ. ಮನೆಯಲ್ಲಿ ಈಗಾಗಲೇ ವಾರದ ಕಂತುಗಳು ಎರಡು ಮೂರು ಇದ್ದರೆ ಹೊಸ ಸಾಲ ಬೇಡವೆಂದೇ ನಾನು ಹೇಳುವುದು. ಅಂಥ ಮನೆಯಲ್ಲಿ ಬಂಡವಾಳಕ್ಕೆಂದು ತಂದ ಹಣ ಮೊದಲ ಮಂಗಳವಾರವೇ ಕಂತಿಗೆ ಹೋಗಿಬಿಡುತ್ತದೆ.

ಸಾಲ ಮಂಜೂರಾಗುವವರೆಗೆ ಕೈಕಟ್ಟಿ ಕೂರುವುದು ಇನ್ನೂ ಅಪಾಯ. ಕೊಟೇಶನ್, ಪ್ರಾಜೆಕ್ಟ್ ರಿಪೋರ್ಟ್, ಮ್ಯಾನೇಜರ್ ರಜೆ ಅಂತ ಎರಡು ಮೂರು ತಿಂಗಳು ಉರುಳಿದರೆ ಕೈಗೆ ಹತ್ತಿದ ಕೆಲಸವೂ ಜಾರುತ್ತದೆ, ಹುರುಪೂ ಆರುತ್ತದೆ. ಹಳೆಯ ಮೆಷಿನ್ ಒಂದನ್ನು ಬಾಡಿಗೆಗೆ ತಂದಾದರೂ ಮಾರನೇ ವಾರವೇ ಶುರು ಮಾಡಿ, ಮೊಬೈಲ್ ರಿಪೇರಿಯವರು ಯಾವುದಾದರೂ ಅಂಗಡಿಯಲ್ಲಿ ಮೂರು ತಿಂಗಳು ಕೆಲಸಕ್ಕೆ ನಿಲ್ಲಿ ಎನ್ನುತ್ತೇವೆ. ಗಾಜಿನ ಬಾಗಿಲು, ಎಲ್‌ಇಡಿ ಬೋರ್ಡು ಎರಡನೇ ವರ್ಷಕ್ಕಿರಲಿ.

ಫಾಲೋಅಪ್ ಎಂದರೆ ಏನು ಮಾಡುತ್ತೇವೆ ಎಂದು ಅನೇಕರು ಕೇಳುತ್ತಾರೆ. ಮೊದಲ ತಿಂಗಳು ಎಲ್ಲರೂ ಖುಷಿಯಲ್ಲಿರುತ್ತಾರೆ. ನೆಂಟರು, ಗೆಳತಿಯರು ಕೆಲಸ ಕೊಟ್ಟಿರುತ್ತಾರೆ. ಮೂರನೇ ತಿಂಗಳಿಗೆ ಅದು ನಿಲ್ಲುತ್ತದೆ. ನಿಜವಾದ ಗಿರಾಕಿ ಇನ್ನೂ ಬಂದಿರುವುದಿಲ್ಲ. ಕೈಬಿಡುವವರಲ್ಲಿ ಹೆಚ್ಚಿನವರು ಕೈಬಿಡುವುದು ಈ ಸಂದಿಯಲ್ಲೇ. ಆಗ ಬೇಕಾದ್ದು ಫೋನಿನಲ್ಲಿ ಧೈರ್ಯದ ಮಾತಲ್ಲ, ಖುದ್ದು ಹೋಗಿ ನೋಡುವುದು. ಅಂಗಡಿ ರಸ್ತೆಗೆ ಕಾಣುತ್ತದೆಯೇ? ಬಾಗಿಲು ತೆರೆಯುವ ಹೊತ್ತಿಗೆ ಜನ ಓಡಾಡುತ್ತಾರೆಯೇ? ಉದ್ರಿ ಎಷ್ಟಾಗಿದೆ? ಒಮ್ಮೊಮ್ಮೆ ಅದೇ ಬ್ಯಾಚಿನ, ಚೆನ್ನಾಗಿ ನಡೆಸುತ್ತಿರುವ ಇನ್ನೊಬ್ಬರನ್ನು ಜೊತೆಗೆ ಕರೆದೊಯ್ದರೆ ನಮ್ಮ ನೂರು ಮಾತಿಗಿಂತ ಅವರ ಹತ್ತು ನಿಮಿಷ ಕೆಲಸ ಮಾಡುತ್ತದೆ.

ಕಲಿತದ್ದು ಹಳತಾಗುವುದೂ ಫಾಲೋಅಪ್‌ನಲ್ಲೇ ಗೊತ್ತಾಗುವುದು. 2020ರ ಏಪ್ರಿಲ್‌ನಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಯಿತು, ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಕಿವಿಗೊಟ್ಟು ಶಬ್ದ ಕೇಳಿ ಟ್ಯೂನಿಂಗ್ ಮಾಡುತ್ತಿದ್ದ ಹುಡುಗರ ಮುಂದೆ ಸೆನ್ಸರ್, ಸ್ಕ್ಯಾನರ್ ಬಂದು ನಿಂತವು. ಅವರ ಕೈಚಳಕ ಕಡಿಮೆಯಾಗಿರಲಿಲ್ಲ, ಗಾಡಿ ಬದಲಾಗಿತ್ತು. ಅವರನ್ನು ಕೆಲವು ದಿನಕ್ಕೆ ಮತ್ತೆ ಕರೆಸಿ ಕಲಿಸದಿದ್ದರೆ ಹಳೆಯ ಬೈಕುಗಳ ಜೊತೆಗೆ ಅವರ ಗ್ಯಾರೇಜೂ ಮುಚ್ಚುತ್ತದೆ. ಈಗ ಎಲೆಕ್ಟ್ರಿಕ್ ಸ್ಕೂಟರ್ ಬಂದಿದೆ, ಅದೇ ಪ್ರಶ್ನೆ ಇನ್ನಷ್ಟು ಜೋರಾಗಿ ಎದ್ದಿದೆ.

ವಯಸ್ಸಾದವರ ಬಗ್ಗೆ ಒಂದು ಮಾತು. ಮುಂಬೈ ಹೋಟೆಲಿನಲ್ಲಿ, ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ ನಲವತ್ತರ ಆಸುಪಾಸಿನವರು ನಮ್ಮಲ್ಲಿ ಬರುತ್ತಾರೆ. ಗಿರಾಕಿಯೊಡನೆ ಮಾತಾಡುವುದು, ದುಡ್ಡು ಎಣಿಸುವುದು ಅವರಿಗೆ ಹೇಳಿಕೊಡಬೇಕಾದ್ದಲ್ಲ. ಇಪ್ಪತ್ತರ ಹುಡುಗರ ಪಕ್ಕ ಬೆಂಚಿನಲ್ಲಿ ಕೂರುವ ಸಂಕೋಚವೇ ಅವರಿಗೆ ದೊಡ್ಡದು. ಅವರಿಗೆ ಗೊತ್ತಿರುವುದನ್ನು ತರಗತಿಯ ಮುಂದೆ ಅವರಿಂದಲೇ ಹೇಳಿಸಿದರೆ ಅದು ಕರಗುತ್ತದೆ. ಕಸುಬು ಗೊತ್ತಿದ್ದೂ ಕಾಗದವಿಲ್ಲದ ಬಡಗಿ, ಕಮ್ಮಾರ, ಕುಂಬಾರ, ಗಾರೆ ಕೆಲಸದವರಿಗೆ 2023ರಿಂದ ಪಿಎಂ ವಿಶ್ವಕರ್ಮ ಯೋಜನೆಯಿದೆ: ಹದಿನೆಂಟು ಕಸುಬುಗಳಿಗೆ ತರಬೇತಿ, ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ದುಡಿಮೆ ಬಿಟ್ಟು ಕಲಿಯಲು ಬರುವ ಸಂಸಾರಸ್ಥನಿಗೆ ಆ ದಿನದ ಭತ್ಯೆ ಎಷ್ಟು ಮುಖ್ಯ ಎಂಬುದು ಯೋಜನೆ ಬರೆದವರಿಗೆ ತಿಳಿದಿತ್ತು ಎಂಬುದೇ ನನಗೆ ಸಮಾಧಾನ.

ಊರಲ್ಲಿ ಅಂಗಡಿ ಬೇಡ, ನೌಕರಿಯೇ ಬೇಕು ಎನ್ನುವ ಮಕ್ಕಳೂ ಇದ್ದಾರೆ. ಅವರಿಗಾಗಿ 2014ರಿಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಪಡೆಯುತ್ತ ಕಲಿಯುವ ಅಪ್ರೆಂಟಿಸ್ ಅವಕಾಶ ಇವೆ. ಅಲ್ಲಿಯೂ ಕಥೆ ಅದೇ. ಬೆಂಗಳೂರಿಗೆ ಹೋದ ಹುಡುಗಿ ಎರಡು ತಿಂಗಳಲ್ಲಿ ವಾಪಸ್ ಬಂದರೆ ಕೆಲಸ ಬಾರದೆ ಬಂದಳು ಎಂದು ತಿಳಿಯಬೇಡಿ. ರೂಮಿನ ಅಡ್ವಾನ್ಸ್ ಯಾರು ಕೊಡುವುದು, ಮೊದಲ ಸಂಬಳ ಕೈಸೇರುವವರೆಗೆ ಊಟಕ್ಕೇನು, ರಾತ್ರಿ ಪಾಳಿ ಮುಗಿಸಿ ರೂಮಿಗೆ ಹೇಗೆ ಬರುವುದು, ಈ ಮೂರಕ್ಕೆ ಉತ್ತರ ಸಿಗದೆ ಬಂದಿರುತ್ತಾಳೆ. ಒಂದೇ ಊರಿನ ಮೂರು ನಾಲ್ಕು ಜನರನ್ನು ಒಂದೇ ಕಂಪನಿಗೆ, ಒಂದೇ ರೂಮಿಗೆ ಕಳಿಸಿದರೆ ಉಳಿಯುತ್ತಾರೆ.

ಹಾಗಾಗಿ ಮಗಳನ್ನೋ ತಮ್ಮನನ್ನೋ ತರಬೇತಿಗೆ ಕಳಿಸುವ ಮೊದಲು ಆ ಕೇಂದ್ರಕ್ಕೆ ನೀವೇ ಒಮ್ಮೆ ಹೋಗಿ ಬನ್ನಿ. ಕಟ್ಟಡ, ಕಂಪ್ಯೂಟರ್ ನೋಡಿದ ಮೇಲೆ, ಕಳೆದ ವರ್ಷ ನಮ್ಮ ತಾಲ್ಲೂಕಿನಿಂದ ಯಾರು ಕಲಿತು ಹೋದರು, ಅವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ. ಕೇಂದ್ರದವರು ಅಂಥ ಇಬ್ಬರನ್ನು ಭೇಟಿ ಮಾಡಿಸಲು ಒಪ್ಪಿದರೆ ಅವರ ಅಂಗಡಿಗೆ ಹೋಗಿ, ತರಬೇತಿ ಮುಗಿದ ಮೇಲೆ ಯಾರಾದರೂ ನಿಮ್ಮನ್ನು ನೋಡಲು ಬಂದರಾ ಎಂದು ವಿಚಾರಿಸಿ. ಬಂದಿದ್ದರೆ ಧೈರ್ಯವಾಗಿ ಸೇರಿಸಿ. ಕೇಂದ್ರದಲ್ಲಿ ಯಾರಿಗೂ ಹಳೆಯ ಬ್ಯಾಚಿನವರ ಸುದ್ದಿಯೇ ತಿಳಿಯದಿದ್ದರೆ ಫೀಸು ಇಲ್ಲ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಕಳಿಸಬೇಡಿ. ಆ ಒಂದು ತಿಂಗಳಿನ ದುಡಿಮೆಗೂ ಬೆಲೆಯಿದೆ.