ಬಾಡಿಗೆ ಮನೆ: ಬರುವುದೆಷ್ಟು, ಸೋರುವುದೆಷ್ಟು?

ಬಾಡಿಗೆಗೆ ಕೊಡಲೆಂದೇ ಮನೆ ಕೊಂಡರೆ ಎಷ್ಟು ಉಳಿಯುತ್ತದೆ? ಉದಾಹರಣೆಗೆ ಬೆಂಗಳೂರಿನ ಒಂದು ಎರಡು ಬೆಡ್‌ರೂಮ್ ಫ್ಲ್ಯಾಟ್ ತೆಗೆದುಕೊಳ್ಳೋಣ. ಬೆಲೆ 50 ಲಕ್ಷ, ತಿಂಗಳ ಬಾಡಿಗೆ 16,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1.92 ಲಕ್ಷ, ಅಂದರೆ 3.84%. ಬ್ರೋಕರ್ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಮ್ಮದು ಇಲ್ಲಿಂದ ಶುರು.

ಮೊದಲು ರಿಜಿಸ್ಟ್ರೇಷನ್. ಕರ್ನಾಟಕದಲ್ಲಿ ಈ ಬೆಲೆಗೆ ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಎಲ್ಲ ಸೇರಿ ಸುಮಾರು 7.6%, ಅಂದರೆ 3.8 ಲಕ್ಷ. ಅಲ್ಲಿಗೆ ನಾವು ಹಾಕಿದ ಹಣ 53.8 ಲಕ್ಷ. ಇನ್ನು ವರ್ಷದ ಖರ್ಚು: ಒಂದು ತಿಂಗಳು ಮನೆ ಖಾಲಿ ಬಿದ್ದರೆ 16,000, ಬ್ರೋಕರ್‌ಗೆ 8,000, ಕಂದಾಯ 6,000, ನಲ್ಲಿ, ಗೀಸರ್, ಸುಣ್ಣಬಣ್ಣ ಅಂತ 12,000. ಒಟ್ಟು 42,000. ಕೈಗೆ ಉಳಿಯುವುದು 1.5 ಲಕ್ಷ, ಹಾಕಿದ ಹಣಕ್ಕೆ 2.8%. ಬ್ಯಾಂಕ್ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತೆ ಅಲ್ವಾ? ಹೌದು. ಮನೆಯ ಬೆಲೆ ಏರುತ್ತದೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಈ ವ್ಯವಹಾರಕ್ಕೆ ಅರ್ಥ.

ಈ ಪಟ್ಟಿಯಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಬಾಬ್ತು ಖಾಲಿ ತಿಂಗಳು. 18,000 ಬಂದರೇ ಕೊಡೋದು ಅಂತ ಹಟ ಹಿಡಿದು ಎರಡು ತಿಂಗಳು ಟು-ಲೆಟ್ ಬೋರ್ಡ್ ತೂಗುಹಾಕಿದರೆ ವರ್ಷಕ್ಕೆ 1.80 ಲಕ್ಷ. 16,000ಕ್ಕೆ ತಕ್ಷಣ ಕೊಟ್ಟರೆ 1.92 ಲಕ್ಷ. ಸರಿಯಾಗಿ ಬಾಡಿಗೆ ಕಟ್ಟುವವರು ಇದ್ದರೆ ಏರಿಕೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ಲಾಭವೇ. ಅವರು ಹೋದರೆ ಖಾಲಿ ತಿಂಗಳು, ಬಣ್ಣ, ಬ್ರೋಕರ್, ಮೂರೂ ಒಟ್ಟಿಗೆ ಬರುತ್ತವೆ.

ಕೊಳ್ಳುವ ಮುಂಚೆ ಅಸೋಸಿಯೇಷನ್‌ನ ಮಾರ್ಚ್, ಏಪ್ರಿಲ್ ತಿಂಗಳ ನೀರಿನ ಬಿಲ್ ಕೇಳಿ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್ ನಂಬಿ ಕೂತಿದ್ದವು. ಕಾವೇರಿ ನೀರು ಬರದ ಮನೆಗೆ ಬೇಸಿಗೆಯಲ್ಲಿ ಬಾಡಿಗೆದಾರರು ಸಿಗುವುದು ಕಷ್ಟ.

ಕಾಗದಪತ್ರದ ವಿಷಯದಲ್ಲಿ ಒಂದೇ ಮಾತು ಒತ್ತಿ ಹೇಳುತ್ತೇನೆ. ಇ.ಸಿ. (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ, ಅದರಲ್ಲಿ ಸಾಲ, ತಕರಾರು ಏನೂ ಇಲ್ಲ ಅಂತ ನೆಮ್ಮದಿಯಾಗಬೇಡಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿ ಮಾಡದ ಕರಾರು, ಮನೆಯೊಳಗಿನ ಪಾಲಿನ ಜಗಳ ಅಲ್ಲಿ ಬರುವುದಿಲ್ಲ. ಮೂಲ ಕ್ರಯಪತ್ರ ಕಣ್ಣಾರೆ ನೋಡಿ. ಅದು ಬ್ಯಾಂಕಿನಲ್ಲಿದೆ ಅಂದರೆ ಬ್ಯಾಂಕಿನಿಂದಲೇ ಪತ್ರ ಕೇಳಿ. ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಮಾರುವವರ ಹೆಸರಲ್ಲೇ ಇರಬೇಕು.

ಬಾಡಿಗೆ ಕರಾರು 11 ತಿಂಗಳಿಗೇ ಏಕೆ? ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು ತಪ್ಪಿಸುವ ದಾರಿ ಇದು. ಅಡ್ವಾನ್ಸ್ ಹಣವನ್ನು ಸುಮ್ನೆ ಖರ್ಚು ಮಾಡಿಕೊಳ್ಳಬೇಡಿ. ಅದು ವಾಪಸ್ ಕೊಡಬೇಕಾದ ದುಡ್ಡು. ಎಫ್‌ಡಿಯಲ್ಲಿಟ್ಟರೆ ಬಡ್ಡಿಯಾದರೂ ನಿಮ್ಮದು.

ಕೊನೆಗೆ ಸಾಲ. 40 ಲಕ್ಷಕ್ಕೆ 8.5% ಬಡ್ಡಿಯಲ್ಲಿ 20 ವರ್ಷ ಅಂದರೆ ಇಎಂಐ ಸುಮಾರು 34,700. ಬಾಡಿಗೆ ಅದರ ಅರ್ಧಕ್ಕೂ ಬರುವುದಿಲ್ಲ. 'ತೆರಿಗೆಯಲ್ಲಿ ಉಳಿಯುತ್ತೆ' ಅನ್ನುವವರಿಗೆ: ಬಾಡಿಗೆಯಿಂದ ನೀವು ಕಟ್ಟಿದ ಕಂದಾಯ ಕಳೆದು, ಉಳಿದದ್ದಕ್ಕೆ 30% ವಿನಾಯಿತಿ ಆದಾಯ ತೆರಿಗೆಯ ಹಳೇ, ಹೊಸ ಎರಡೂ ಪದ್ಧತಿಯಲ್ಲಿ ಸಿಗುತ್ತದೆ. ಆಮೇಲೆ ಬಡ್ಡಿ ಕಳೆದರೆ ಮೊದಲ ವರ್ಷ ಸುಮಾರು 2 ಲಕ್ಷ ನಷ್ಟ ಕಾಣುತ್ತದೆ. ಹಳೇ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಸಂಬಳದಿಂದ ಒಂದು ರೂಪಾಯಿಯೂ ಕಳೆಯಲು ಬರುವುದಿಲ್ಲ.