ಫ್ಲೋರೈಡ್ ಹರಳು ಹೊಳೆದಾಗ ಬೆಳಕು ಯಾರದು?

ನೇರಳಾತೀತ ದೀಪದಡಿ ಫ್ಲೋರೈಟ್ (ಕ್ಯಾಲ್ಸಿಯಂ ಫ್ಲೋರೈಡಿನ ಖನಿಜ) ನೀಲಿಯಾಗಿ ಹೊಳೆಯುವುದೇಕೆ? "ಕ್ಯಾಲ್ಸಿಯಂ ಫ್ಲೋರೈಡಿನ ಗುಣವೇ ಅದು" ಎಂದು ನಾನು ಬರೆದುಕೊಂಡಿದ್ದೆ. ಒಂದು ಪುಟ್ಟ ಲೆಕ್ಕ ಮಾಡಿದರೆ ಸಾಕು, ಆ ಉತ್ತರ ನಿಲ್ಲುವುದಿಲ್ಲ.

1240ನ್ನು ತರಂಗಾಂತರದಿಂದ (ನ್ಯಾನೊಮೀಟರ್) ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಸಿಗುತ್ತದೆ. ಕೈದೀಪದ 365 ನ್ಯಾನೊಮೀಟರ್ ಬೆಳಕಿಗೆ 3.4, 254ಕ್ಕೆ 4.9. ಆದರೆ ಕ್ಯಾಲ್ಸಿಯಂ ಫ್ಲೋರೈಡಿನ ಬ್ಯಾಂಡ್ ಗ್ಯಾಪ್ (ಹರಳಿನ ಎಲೆಕ್ಟ್ರಾನನ್ನು ಬಿಡಿಸಿ ಮೇಲಕ್ಕೇರಿಸಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 12, ಲಿಥಿಯಂ ಫ್ಲೋರೈಡಿನದು 13ಕ್ಕೂ ಹೆಚ್ಚು. ಫ್ಲೋರಿನ್ ತನ್ನ ಎಲೆಕ್ಟ್ರಾನನ್ನು ಅಷ್ಟು ಬಿಗಿಯಾಗಿ ಹಿಡಿದಿರುತ್ತದೆ. ಕೈದೀಪದ ಫೋಟಾನು ಈ ಅಂತರದ ಅರ್ಧಕ್ಕೂ ಏರದು. ಶುದ್ಧ ಹರಳಿನಲ್ಲಿ ಅದು ಗಾಜಿನಲ್ಲಿ ಹಾದಂತೆ ಸುಮ್ಮನೆ ಹಾದುಹೋಗುತ್ತದೆ.

ಹಾಗಾದರೆ ನೀಲಿ ಎಲ್ಲಿಂದ? ಹೆಚ್ಚಿನ ಫ್ಲೋರೈಟುಗಳಲ್ಲಿ ಅದು ಕ್ಯಾಲ್ಸಿಯಂನ ಜಾಗದಲ್ಲಿ ಬಂದು ಕುಳಿತ ಯುರೋಪಿಯಂ ಎಂಬ ಲೋಹದ್ದು, ಅದರಲ್ಲೂ ಎರಡು ಧನ ಆವೇಶ ಹೊತ್ತ ಅಯಾನಿನದು. ಅದರ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಬ್ಯಾಂಡ್ ಗ್ಯಾಪಿನ ಒಳಗೇ ಇರುವುದರಿಂದ ಕಡಿಮೆ ಶಕ್ತಿ ಸಾಕು. ಎಲೆಕ್ಟ್ರಾನ್ 5ಡಿ ಎಂಬ ಹೊರಗಿನ ಕಕ್ಷಕದಿಂದ ಒಳಗಿನ 4ಎಫ್‌ಗೆ ಇಳಿಯುವಾಗ 425 ನ್ಯಾನೊಮೀಟರ್ ಆಸುಪಾಸಿನ ಅಗಲವಾದ ಪಟ್ಟಿ ಹೊಮ್ಮುತ್ತದೆ. 1852ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಈ ಖನಿಜದಿಂದಲೇ 'ಫ್ಲೋರೆಸೆನ್ಸ್' ಎಂಬ ಪದ ಕಟ್ಟಿದ. ಹೆಸರು ಮನೆಯವನಿಗೆ ಹೋಯಿತು, ಬೆಳಕು ಮಾತ್ರ ನೆಂಟನದು!

ಮೂರು ಧನ ಆವೇಶದ ಯುರೋಪಿಯಂ ಆದರೆ ಕೆಂಪು ಬಣ್ಣದ ಸಪೂರ ಗೆರೆಗಳು ಬರುತ್ತವೆ. ಅಲ್ಲಿ ಎಲೆಕ್ಟ್ರಾನ್ ಇಳಿಯುವುದು 4ಎಫ್ ಒಳಗಿನ ಮಟ್ಟಗಳ ನಡುವೆಯೇ. 4ಎಫ್ ಎಲೆಕ್ಟ್ರಾನುಗಳು ಹೊರಗಿನ ಕವಚದ ಮರೆಯಲ್ಲಿರುವುದರಿಂದ ಅವಕ್ಕೆ ಸುತ್ತಲಿನ ಜಾಲಕದ ಅಲುಗಾಟ ಅಷ್ಟಾಗಿ ತಟ್ಟದು. 5ಡಿ ಹೊರಗೆ ಚಾಚಿಕೊಂಡಿದೆ, ಅದಕ್ಕೆ ತಟ್ಟುತ್ತದೆ. ಪಟ್ಟಿ ಅಗಲವೋ ಸಪೂರವೋ ಎಂಬುದರಿಂದಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಹರಳು ತಾನಾಗಿಯೇ ಹೊಳೆಯಬೇಕಾದರೆ ನಿರ್ವಾತ ನೇರಳಾತೀತಕ್ಕೆ, ಅಂದರೆ ಇನ್ನೂ ಚಿಕ್ಕ ತರಂಗಾಂತರಗಳಿಗೆ ಹೋಗಬೇಕು. ಅಲ್ಲಿ ಗಾಳಿಯೇ ಬೆಳಕನ್ನು ನುಂಗುತ್ತದೆ. ಮೆಗ್ನೀಸಿಯಂ ಫ್ಲೋರೈಡ್ ಕಿಟಕಿ ಕೂಡ 115 ನ್ಯಾನೊಮೀಟರಿಗಿಂತ ಚಿಕ್ಕ ತರಂಗಾಂತರವನ್ನು ಬಿಡದು. ಆದ್ದರಿಂದಲೇ ಸಿಂಕ್ರೊಟ್ರಾನ್ (ವೇಗದ ಎಲೆಕ್ಟ್ರಾನುಗಳನ್ನು ಸುತ್ತಿಸಿ ಬೆಳಕು ಪಡೆಯುವ ಯಂತ್ರ) ಬೇಕಾಗುವುದು. ಎಲೆಕ್ಟ್ರಾನ್ ಮೇಲಕ್ಕೆ ಹಾರಿದಾಗ ಒಂದು ಫ್ಲೋರಿನ್ ಮೇಲೆ ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಉಳಿಯುತ್ತದೆ. ಆ ಫ್ಲೋರಿನ್ ಪಕ್ಕದ ಫ್ಲೋರಿನನ್ನು ಹತ್ತಿರಕ್ಕೆ ಎಳೆದುಕೊಂಡು ಜೋಡಿಯಾಗುತ್ತದೆ, ಹೋಲ್ ಅಲ್ಲೇ ಸಿಕ್ಕಿಬೀಳುತ್ತದೆ. ಎಲೆಕ್ಟ್ರಾನ್ ಬಂದು ಸೇರಿದರೆ ಅದೇ ಸ್ವಯಂಬಂಧಿತ ಎಕ್ಸೈಟಾನ್. ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಕುಳಿತಂತೆ. ಕ್ಯಾಲ್ಸಿಯಂ ಫ್ಲೋರೈಡಿನಲ್ಲಿ ಇದರ ಬೆಳಕು ಸುಮಾರು 280 ನ್ಯಾನೊಮೀಟರ್, ಅಂದರೆ 4.4 ಎಲೆಕ್ಟ್ರಾನ್ ವೋಲ್ಟ್. ಹೀರಿದ್ದು 11ಕ್ಕೂ ಹೆಚ್ಚು. ಉಳಿದದ್ದು ಜಾಲಕದ ಅಲುಗಾಟಕ್ಕೆ ಹೋಯಿತು.

ನನಗೆ ತುಂಬ ಹಿಡಿಸಿದ್ದು ಬೇರಿಯಂ ಫ್ಲೋರೈಡ್. 310 ನ್ಯಾನೊಮೀಟರಿನ ಎಕ್ಸೈಟಾನ್ ಬೆಳಕು ಆರಲು ಸುಮಾರು 600 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅದರ ಜೊತೆಗೆ 220 ಮತ್ತು 195 ನ್ಯಾನೊಮೀಟರಿನಲ್ಲಿ ಒಂದು ನ್ಯಾನೊಸೆಕೆಂಡಿಗೂ ಮೊದಲೇ ಆರಿಹೋಗುವ ಇನ್ನೊಂದು ಬೆಳಕಿದೆ. ಇಲ್ಲಿ ಹೋಲ್ ಆಗುವುದು ಫ್ಲೋರಿನ್ ಎಲೆಕ್ಟ್ರಾನುಗಳಿರುವ ವೇಲೆನ್ಸ್ ಪಟ್ಟಿಯಲ್ಲಲ್ಲ (ಪಟ್ಟಿಯೆಂದರೆ ಇಲ್ಲಿ ಶಕ್ತಿಮಟ್ಟಗಳ ಗುಂಪು), ಅದರ ಕೆಳಗಿರುವ ಬೇರಿಯಂನ 5ಪಿ ಪಟ್ಟಿಯಲ್ಲಿ. ಅದನ್ನು ತುಂಬಲು ಫ್ಲೋರಿನ್ ಎಲೆಕ್ಟ್ರಾನ್ ಇಳಿಯುತ್ತದೆ. ಇದಕ್ಕೆ ಸುಮಾರು 18 ಎಲೆಕ್ಟ್ರಾನ್ ವೋಲ್ಟ್ ಬೇಕು. 12ರಲ್ಲಿ ಪ್ರಚೋದಿಸಿದರೆ ನಿಧಾನದ್ದು ಮಾತ್ರ ಕಾಣುತ್ತದೆ. ಬಿಸಿ ಮಾಡಿದರೆ ನಿಧಾನದ್ದು ಕುಂದುತ್ತದೆ, ವೇಗದ್ದು ಹಾಗೇ ಇರುತ್ತದೆ.

ಒಂದು ಎಚ್ಚರಿಕೆ, ನಾನೇ ಎಡವಿದ್ದು. ಫ್ಲೋರೈಟನ್ನು 254ರಲ್ಲಿ ಪ್ರಚೋದಿಸಿ ರೋಹಿತ ತೆಗೆದಾಗ 508ರ ಬಳಿ ಚೂಪಾದ ಶಿಖರ ಕಂಡಿತು. ಇನ್ನೊಂದು ಬೆರಕೆ ಧಾತುವಾದ ಮ್ಯಾಂಗನೀಸ್‌ನ ಹಸಿರು 495ರ ಸುಮಾರಿಗೆ ಬರುತ್ತದೆಂದು ಓದಿದ್ದೆನಲ್ಲ, ಸಿಕ್ಕಿತೆಂದು ಹಿಗ್ಗಿದೆ. ಆದರೆ ಮ್ಯಾಂಗನೀಸ್‌ನದು ಅಗಲವಾದ ಪಟ್ಟಿ, ಮಿಲಿಸೆಕೆಂಡುಗಟ್ಟಲೆ ಉಳಿಯುತ್ತದೆ. ಇದು ದೀಪ ಆರಿಸಿದ ಕೂಡಲೇ ಮಾಯ. ಪ್ರಚೋದನೆಯನ್ನು 260ಕ್ಕೆ ಸರಿಸಿದೆ, ಶಿಖರ 520ಕ್ಕೆ ಓಡಿತು. ಚದುರಿದ ದೀಪದ ಬೆಳಕೇ ಗ್ರೇಟಿಂಗಿನ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೀರುಫಲಕ) ಎರಡನೇ ಕ್ರಮದಲ್ಲಿ, ಅಂದರೆ ಎರಡರಷ್ಟು ತರಂಗಾಂತರದ ಜಾಗದಲ್ಲಿ ಬಂದು ಕುಳಿತಿತ್ತು. ಪತ್ತೆಕಾರಕದ ಮುಂದೆ ನೇರಳಾತೀತವನ್ನು ತಡೆಯುವ ಫಿಲ್ಟರ್ ಇಟ್ಟೆ. ಶಿಖರ ಹೋಯಿತು, 425ರ ಯುರೋಪಿಯಂ ಪಟ್ಟಿ ಮಾತ್ರ ಇದ್ದಲ್ಲೇ ಉಳಿಯಿತು.